ಹವ್ಯಾಸಿಗಳ ವ್ಯಂಗ್ಯಚಿತ್ರಗಳಿಗೂ ರಾಜ್ಯ ಪತ್ರಾಗಾರದಲ್ಲಿ ಜಾಗ ಕೊಡಿ

ಕರ್ನಾಟಕ ಸರ್ಕಾರದ ಕನ್ನಡ ಮತ್ತು ಸಂಸ್ಕೃತಿ ಸಚಿವರಿಗೆ,

ಮಾನ್ಯರೇ,

ವೃತ್ತಿಯಿಂದ ವೈದ್ಯರಾಗಿದ್ದ ರಾಶಿಯವರು 1942ರಲ್ಲಿ ಆರಂಭಿಸಿದ ‘ಕೊರವಂಜಿ’ ಹಾಸ್ಯಪತ್ರಿಕೆಯ ಹಳೆಯ ಸಂಚಿಕೆಗಳನ್ನು ತಿರುವಿಹಾಕಿದರೆ ಮೈಸೂರಿನ ಆರ್.ಕೆ. ಲಕ್ಷ್ಮಣ್ ಅವರ ಎಳೆವಯಸ್ಸಿನ ಗೆರೆಗಳು ಇಂದಿಗೂ ನೋಡಸಿಗುತ್ತವೆ. ಅಚ್ಚಾದದ್ದರಿಂದ ಅವು ಉಳಿದವು. ಆದರೆ ನಮ್ಮ ಊರುಗಳ ಶಾಲಾ ಮೇಷ್ಟರು, ಗುಮಾಸ್ತರು, ವಿದ್ಯಾರ್ಥಿಗಳು ಕೈಬರಹದ ಪತ್ರಿಕೆಗಳಿಗೆ, ಕಾಲೇಜಿನ ಭಿತ್ತಿಪತ್ರಿಕೆಗಳಿಗೆ, ಎಷ್ಟೋ ಸಲ ಬರೀ ತಮ್ಮ ಖುಷಿಗೆ ಬರೆದ ವ್ಯಂಗ್ಯಚಿತ್ರಗಳಿಗೆ ಆ ಭಾಗ್ಯವಿರಲಿಲ್ಲ. ಇರುವುದೊಂದೇ ಪ್ರತಿ, ಅದು ಹೋದರೆ ಹೋದಂತೆಯೇ. ಇಂಥ ಚಿತ್ರಗಳಿಗೆಂದೇ ರಾಜ್ಯ ಪತ್ರಾಗಾರದಲ್ಲಿ ಪ್ರತ್ಯೇಕ ಸಂಗ್ರಹವೊಂದನ್ನು ತೆರೆಯಬೇಕೆಂದು ಕೋರಿ ಈ ಪತ್ರ ಬರೆಯುತ್ತಿದ್ದೇನೆ.

ಹವ್ಯಾಸಿಗಳ ಗೆರೆಯನ್ನು ಹಗುರವಾಗಿ ಕಾಣಲು ಕಾರಣವಿಲ್ಲ. ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಬಿ.ಜಿ.ಎಲ್. ಸ್ವಾಮಿಯವರು ತಮ್ಮ ಪುಸ್ತಕಗಳಿಗೆ ತಾವೇ ಚಿತ್ರ ಬರೆದರು. ಬರಹದ ನಗೆಯನ್ನೂ ಆ ಚಿತ್ರಗಳನ್ನೂ ಬೇರೆ ಬೇರೆ ಮಾಡಿ ನೋಡಲು ಓದುಗರಿಗೆ ಮನಸ್ಸೇ ಬರುವುದಿಲ್ಲ. ಅಂಥ ಹೆಸರಿಲ್ಲದವರ ಕೆಲಸವೂ ಬೆಲೆಯುಳ್ಳದ್ದೇ. ಹೈಸ್ಕೂಲು ಮೇಷ್ಟರಾಗಿದ್ದ ನಮ್ಮ ದೊಡ್ಡಪ್ಪ ಹಳೆಯ ಪ್ರಶ್ನೆಪತ್ರಿಕೆಗಳ ಹಿಂಬದಿಯಲ್ಲಿ ಬರೆದ ಚಿತ್ರಗಳ ಕಟ್ಟೊಂದು ನಮ್ಮ ಮನೆಯಲ್ಲಿದೆ. ಅದರಲ್ಲೊಂದು ನ್ಯಾಯಬೆಲೆ ಅಂಗಡಿಯ ಮುಂದಿನ ಸೀಮೆಎಣ್ಣೆ ಸಾಲು. ಜನರ ಬದಲಿಗೆ ಡಬ್ಬಗಳೇ ಸಾಲಾಗಿ ನಿಂತಿವೆ, ಪ್ರತಿ ಡಬ್ಬಕ್ಕೂ ಯಜಮಾನರ ಮುಖ. ಬಿರಡೆಯ ಜಾಗಕ್ಕೆ ಚಿಂದಿಬಟ್ಟೆ ತುರುಕಿದ ಡಬ್ಬವೊಂದು ಮುಂದಿನದರ ಹೆಗಲ ಮೇಲಿಂದ ಇಣುಕುತ್ತಿದೆ. ಅಳತೆಯ ಪಾತ್ರೆ, ಆಲಿಕೆ, ಬಾಗಿಲಿಗೆ ತೂಗುಹಾಕಿದ ‘ಸ್ಟಾಕ್ ಇಲ್ಲ’ ಹಲಗೆ, ಯಾವುದನ್ನೂ ಅವರು ಬಿಟ್ಟಿಲ್ಲ. ಪಡಿತರದ ಸರ್ಕಾರಿ ಕಡತಗಳಲ್ಲಿ ಎಷ್ಟು ಲೀಟರ್ ಹಂಚಲಾಯಿತೆಂಬ ಲೆಕ್ಕ ಸಿಕ್ಕೀತು, ಕಾದವರ ಮುಖ ಸಿಗದು.

ಈ ಹಾಳೆಗಳ ಆಯುಸ್ಸು ಕಡಿಮೆ. ಅಗ್ಗದ ಕಾಗದ ತನ್ನೊಳಗಿನ ಆಮ್ಲದಿಂದಲೇ ಹಳದಿಗಟ್ಟಿ ಪುಡಿಯಾಗುತ್ತದೆ. ಇಂಡಿಯನ್ ಇಂಕ್ ತಾಳಿಕೊಳ್ಳುತ್ತದೆ, ಸ್ಕೆಚ್ ಪೆನ್ನಿನ ಬಣ್ಣ ಬೆಳಕಿಗೆ ಮಾಸುತ್ತದೆ. ಹರಿದದ್ದನ್ನು ಕೂಡಿಸಲೆಂದು ಅಂಟಿಸಿದ ಸೆಲ್ಲೋಟೇಪು ಕಂದು ಕಲೆ ಬಿಡುತ್ತದೆ. ಕಾಪಾಡಬೇಕೆಂಬ ಒಳ್ಳೆಯ ಮನಸ್ಸಿನಿಂದಲೇ ಮಾಡಿಸುವ ಲ್ಯಾಮಿನೇಷನ್ ಅದಕ್ಕಿಂತಲೂ ಕೇಡು. ಗೆದ್ದಲು, ಮಳೆಗಾಲದ ತೇವಗಳ ಮಾತಂತೂ ಹೇಳಬೇಕಾಗಿಲ್ಲ. ಆಮ್ಲರಹಿತ ಲಕೋಟೆ, ಒಣಗಾಳಿಯ ಕೋಣೆ, ಒಳ್ಳೆಯ ಸ್ಕ್ಯಾನರ್, ಕಾಗದದ ಗುಣ ಬಲ್ಲ ಸಿಬ್ಬಂದಿ ಇವೆಲ್ಲ ಒಂದು ಕುಟುಂಬದ ಕೈಗೆಟಕುವಂಥವಲ್ಲ.

ಬೆಂಗಳೂರಿನ ವ್ಯಂಗ್ಯಚಿತ್ರಗಾರ್ತಿ ಮಾಯಾ ಕಾಮತ್ 2001ರಲ್ಲಿ ತೀರಿಕೊಂಡರು. ಅವರ ಚಿತ್ರಗಳ ಸಂಗ್ರಹವನ್ನು ಮುಂಬೈಯ ಸ್ಪ್ಯಾರೋ ಪತ್ರಾಗಾರ ಜೋಪಾನ ಮಾಡಿದೆ. ಆ ಸಂಸ್ಥೆಗೆ ನಾವು ಋಣಿಗಳು. ಪತ್ರಿಕೆಗಳಲ್ಲಿ ಹೆಸರು ಮಾಡಿದವರ ಚಿತ್ರಗಳಿಗೇ ಹೊರರಾಜ್ಯದಲ್ಲಿ ನೆಲೆ ಸಿಗಬೇಕಾಯಿತೆಂದ ಮೇಲೆ ಹಳ್ಳಿಯ ಮೇಷ್ಟರ ಹಾಳೆಗಳನ್ನು ಯಾರು ಕೇಳಿಯಾರು?

ಸಂಗ್ರಹ ತೆರೆಯುವಾಗ ಒಂದು ಎಚ್ಚರ ಬೇಕು. ಕೃತಿಸ್ವಾಮ್ಯವು ಚಿತ್ರಕಾರರು ತೀರಿಕೊಂಡ ಬಳಿಕವೂ 60 ವರ್ಷ ಉಳಿಯುವುದರಿಂದ, ಮೂಲಪ್ರತಿಯನ್ನು ಕೊಡುವ ವಾರಸುದಾರರಿಂದ ಲಿಖಿತ ಒಪ್ಪಿಗೆ ಪಡೆಯಬೇಕು. ಕೊಡಲು ಒಪ್ಪದವರ ಹಾಳೆಗಳನ್ನು ಸ್ಕ್ಯಾನ್ ಮಾಡಿ ಮರಳಿಸುವ ಏರ್ಪಾಡಿರಬೇಕು. ಊರಿನ ಹಿರಿಯರನ್ನೋ ನೆರೆಹೊರೆಯವರನ್ನೋ ಗೇಲಿ ಮಾಡಿದ ಚಿತ್ರಗಳಿದ್ದರೆ, ಅವರು ಬದುಕಿರುವವರೆಗೆ ಅವನ್ನು ಅಂತರ್ಜಾಲಕ್ಕೆ ಏರಿಸದಿರುವುದು ಮರ್ಯಾದೆ. ಯಾರು, ಯಾವ ಊರಿನಲ್ಲಿ, ಯಾವ ಸಂದರ್ಭಕ್ಕೆ ಬರೆದರೆಂಬುದನ್ನು ಮನೆಯವರ ಬಾಯಿಂದಲೇ ಕೇಳಿ ದಾಖಲಿಸಿಕೊಳ್ಳುವುದು ಎಲ್ಲಕ್ಕಿಂತ ಮುಖ್ಯ, ಏಕೆಂದರೆ ಹೆಚ್ಚಿನ ಹಾಳೆಗಳ ಮೇಲೆ ಸಹಿಯಾಗಲಿ ತಾರೀಖಾಗಲಿ ಇರುವುದಿಲ್ಲ ಮತ್ತು ಹೇಳಬಲ್ಲವರಿಗೆ ವಯಸ್ಸಾಗುತ್ತಿದೆ.

ಮೊದಲ ಹೆಜ್ಜೆಯಾಗಿ ಒಂದು ಜಿಲ್ಲೆಯನ್ನು ಆಯ್ದುಕೊಂಡು, ಮನೆಗಳಲ್ಲಿರುವ ಇಂಥ ಚಿತ್ರಗಳನ್ನು ತರುವಂತೆ ಸಾರ್ವಜನಿಕ ಪ್ರಕಟಣೆ ಹೊರಡಿಸಲು ತಾವು ಆದೇಶ ನೀಡಬೇಕೆಂದು ವಿನಂತಿಸುತ್ತೇನೆ. ನಮ್ಮ ಮನೆಯ ಕಟ್ಟನ್ನು ಒಪ್ಪಿಸಲು ಕುಟುಂಬದವರೆಲ್ಲ ಸಮ್ಮತಿಸಿದ್ದೇವೆ.

ಇತಿ,
ತಮ್ಮ ವಿಶ್ವಾಸಿ,
ನಿವೃತ್ತ ಗ್ರಂಥಪಾಲಕ