ಒಡಂಬಡಿಕೆ ಆಯಿತು, ಕ್ರೆಡಿಟ್ ಕಥೆ ಏನು?

ಸಂಪಾದಕರೇ,

ನಮ್ಮ ಭಾಗದ ಕಾಲೇಜೊಂದು ಜರ್ಮನಿಯ ವಿಶ್ವವಿದ್ಯಾಲಯದ ಜತೆ ವಿದ್ಯಾರ್ಥಿ ವಿನಿಮಯದ ಒಡಂಬಡಿಕೆ ಮಾಡಿಕೊಂಡ ಸುದ್ದಿಯನ್ನು ಕಳೆದ ವಾರ ನಿಮ್ಮ ಪತ್ರಿಕೆಯಲ್ಲಿ ಓದಿದೆ. ಖುಷಿಯಾಯಿತು. ಫೋಟೊದಲ್ಲಿ ಎರಡೂ ಕಡೆಯವರು ಫೈಲ್ ಹಿಡಿದು ನಿಂತಿದ್ದಾರೆ. ಆದರೆ ಅಲ್ಲಿ ಓದಿ ಪಾಸಾದ ವಿಷಯದ ಕ್ರೆಡಿಟ್, ಅಂದರೆ ಆ ಓದಿಗೆ ಸಿಗುವ ಲೆಕ್ಕ, ಇಲ್ಲಿನ ಮಾರ್ಕ್ಸ್ ಕಾರ್ಡಿಗೆ ಹೇಗೆ ಸೇರುತ್ತದೆ ಎಂಬ ಬಗ್ಗೆ ಸುದ್ದಿಯಲ್ಲಿ ಒಂದು ಸಾಲೂ ಇಲ್ಲ. ಹೋಗುವ ಮಕ್ಕಳಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಅದೇ. ಇಂಥದ್ದೇ ಒಂದು ಒಡಂಬಡಿಕೆಯಲ್ಲಿ ಎಂಎಸ್ಸಿ ಭೌತವಿಜ್ಞಾನದ ಮೂರನೇ ಸೆಮಿಸ್ಟರಿಗೆ ಜರ್ಮನಿಯ ವ್ಯೂರ್ತ್ಸ್‌ಬುರ್ಗ್‌ಗೆ ಹೋಗಿಬಂದವಳು ನಾನು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ಯಾರೂ ಹೋಗಬೇಡಿ ಅನ್ನೋದಕ್ಕೆ ಈ ಪತ್ರ ಅಲ್ಲ. ಹೋಗಬೇಕು. ವ್ಯೂರ್ತ್ಸ್‌ಬುರ್ಗ್ ಬವೇರಿಯಾ ರಾಜ್ಯದಲ್ಲಿ ಮೈನ್ ನದಿಯ ದಂಡೆಯಲ್ಲಿರುವ ಊರು, ಸುತ್ತಲಿನ ಗುಡ್ಡಗಳಲ್ಲಿ ದ್ರಾಕ್ಷಿ ತೋಟಗಳಿವೆ. 1895ರಲ್ಲಿ ರಾಂಟ್ಜನ್ ಎಕ್ಸ್-ರೇ ಕಂಡುಹಿಡಿದದ್ದು ಇದೇ ವಿಶ್ವವಿದ್ಯಾಲಯದಲ್ಲಿ. ಆ ಪ್ರಯೋಗಾಲಯವನ್ನು ಈಗಲೂ ಕಾಪಾಡಿಟ್ಟಿದ್ದಾರೆ. 1985ರಲ್ಲಿ ಭೌತವಿಜ್ಞಾನದ ನೊಬೆಲ್ ಪಡೆದ ಕ್ಲಾಸ್ ಫಾನ್ ಕ್ಲಿಟ್ಸಿಂಗ್ ಪಿಎಚ್‌ಡಿ ಮಾಡಿದ್ದೂ ಅಲ್ಲೇ. ಕನ್ನಡಕ್ಕೂ ಆ ಊರಿಗೂ ನಂಟಿದೆ. ಅಲ್ಲಿ ಕನ್ನಡ ಕಲಿಸಿದ್ದಾರೆ, ನಮ್ಮ ಪ್ರೊ. ಬಿ.ಎ. ವಿವೇಕ ರೈ ಅವರು ಸಂದರ್ಶಕ ಪ್ರಾಧ್ಯಾಪಕರಾಗಿ ಅಲ್ಲಿದ್ದರು. ಹಾಸನದ ಕಡೆಯಿಂದ ಒಬ್ಬಳೇ ಹೊರಟವಳಿಗೆ ಇದು ಎಷ್ಟು ಧೈರ್ಯ ಕೊಡುತ್ತದೆ ಎಂದು ಹೋದವರಿಗೇ ಗೊತ್ತು.

ಅಲ್ಲಿ ನನಗೆ ನಿಜವಾಗಿ ಸಿಕ್ಕಿದ್ದು ಪಾಠದ ರೀತಿ. ಪ್ರತಿ ಕೋರ್ಸಿಗೂ ಲೆಕ್ಚರ್ ಬೇರೆ, 'ಯೂಬುಂಗ್' ಎನ್ನುವ ಅಭ್ಯಾಸದ ತರಗತಿ ಬೇರೆ. ವಾರಕ್ಕೊಂದು ಹಾಳೆ ಲೆಕ್ಕ ಕೊಡುತ್ತಾರೆ. ಇಬ್ಬರು ಮೂವರು ಸೇರಿ ಬಿಡಿಸಬಹುದು, ಆದರೆ ತರಗತಿಯಲ್ಲಿ ಯಾರನ್ನು ಬೇಕಾದರೂ ಬೋರ್ಡಿಗೆ ಕರೆಯುತ್ತಾರೆ. ಎಷ್ಟೋ ಕೋರ್ಸುಗಳಲ್ಲಿ ಈ ಹಾಳೆಗಳಲ್ಲಿ ಅರ್ಧದಷ್ಟಾದರೂ ಅಂಕ ಬರದಿದ್ದರೆ ಪರೀಕ್ಷೆಗೇ ಕೂರಿಸುವುದಿಲ್ಲ. ಉತ್ತರ ತಪ್ಪಾದರೆ ಯಾರೂ ನಗುವುದಿಲ್ಲ, ಎಲ್ಲಿಯವರೆಗೆ ಯೋಚಿಸಿದೆ, ಅಲ್ಲಿಂದ ಮುಂದೆ ಯಾಕೆ ಹೋಗಲಿಲ್ಲ ಎಂದು ಕೇಳುತ್ತಾರೆ. ನೋಟ್ಸ್ ಬರೆಸಿಕೊಂಡು, ಹಳೇ ಪ್ರಶ್ನೆಪತ್ರಿಕೆ ನೋಡಿ, ಪರೀಕ್ಷೆಗೆ ಹದಿನೈದು ದಿನ ಇರುವಾಗ ಓದಲು ಕೂತು ಅಭ್ಯಾಸ ಇದ್ದ ನನಗೆ ಮೊದಲ ತಿಂಗಳು ತಲೆ ಕೆಟ್ಟುಹೋಯಿತು, ಆಮೇಲೆ ಇದೇ ಸರಿ ಅನ್ನಿಸಿತು. ಒಂದು ಪರೀಕ್ಷೆ ಮೌಖಿಕ. ಪ್ರೊಫೆಸರ್, ಟಿಪ್ಪಣಿ ಬರೆದುಕೊಳ್ಳುವ ಇನ್ನೊಬ್ಬರು, ನಡುವೆ ಒಂದು ಮೇಜು, ಖಾಲಿ ಕಾಗದ, ಅರ್ಧ ಗಂಟೆ. ಗೊತ್ತಿರುವುದನ್ನು ಕೇಳುತ್ತಾ ಕೇಳುತ್ತಾ ಗೊತ್ತಿಲ್ಲದ ಜಾಗಕ್ಕೆ ಕರೆದುಕೊಂಡು ಹೋಗುತ್ತಾರೆ. ಅಲ್ಲಿ ಹೇಗೆ ಯೋಚಿಸುತ್ತೀರಿ ಎನ್ನುವುದಕ್ಕೇ ಅಂಕ. ಇಂಥ ಒಂದು ಪರೀಕ್ಷೆ ನಮ್ಮ ಪ್ರತಿ ಎಂಎಸ್ಸಿ ವಿದ್ಯಾರ್ಥಿಗೂ ಸಿಗಬೇಕು ಅನ್ನೋದು ನನ್ನ ಆಸೆ.

ಇನ್ನು ಮನೆ, ವಿಮೆ, ಹೋದ ಎರಡು ವಾರದೊಳಗೆ ನಗರ ಕಚೇರಿಯಲ್ಲಿ ವಿಳಾಸ ನೋಂದಾಯಿಸುವುದು, ಭಾನುವಾರ ಅಂಗಡಿ ಮುಚ್ಚಿರುವುದು, ಇವೆಲ್ಲ ಇವೆ. ಹೋದವರು ನಿಭಾಯಿಸುತ್ತಾರೆ. ಒಂದೇ ಮಾತು: ವಿದ್ಯಾರ್ಥಿ ನಿಲಯದ ರೂಮಿಗೆ ಪ್ರವೇಶ ಪತ್ರ ಬಂದ ದಿನವೇ ಅರ್ಜಿ ಹಾಕಿ, ಅಲ್ಲಿ ಕಾಯುವವರ ಸಾಲು ದೊಡ್ಡದು.

ದುಡ್ಡಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ 'ಜರ್ಮನಿಯಲ್ಲಿ ಓದು ಉಚಿತ' ಎಂದು ಸುಮ್ನೆ ಹೇಳಿ ಬಿಡುತ್ತಾರೆ. ವಿನಿಮಯ ವಿದ್ಯಾರ್ಥಿಗೆ ಬೋಧನಾ ಶುಲ್ಕ ಇರುವುದಿಲ್ಲ, ನಿಜ. ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯ 2017ರಿಂದ ಯುರೋಪಿನ ಆಚೆಯವರಿಗೆ ಸೆಮಿಸ್ಟರಿಗೆ 1,500 ಯೂರೊ ಶುಲ್ಕ ಹಾಕುತ್ತಿದೆ, ಅಲ್ಲಿಯೂ ಒಪ್ಪಂದದಡಿ ಬರುವವರಿಗೆ ವಿನಾಯಿತಿ ಇದೆ. ಆದರೆ ವೀಸಾಕ್ಕೆ ಖರ್ಚಿನ ಹಣ ತೋರಿಸಬೇಕು. 2024ರ ಸೆಪ್ಟೆಂಬರ್‌ನಿಂದ ಅದು ವರ್ಷಕ್ಕೆ 11,904 ಯೂರೊ, ತಿಂಗಳಿಗೆ 992. ಆರು ತಿಂಗಳ ಲೆಕ್ಕ ಹಿಡಿದರೂ 5,952 ಯೂರೊ, ಹತ್ತಿರ ಹತ್ತಿರ ಆರು ಲಕ್ಷ ರೂಪಾಯಿ. ಅದು ಖರ್ಚಾಗಿಬಿಡುವ ಹಣ ಅಲ್ಲ, ಬ್ಲಾಕ್ಡ್ ಖಾತೆಯಲ್ಲಿ ಇಟ್ಟರೆ ತಿಂಗಳು ತಿಂಗಳು ನಮಗೇ ಕೊಡುತ್ತಾರೆ. ಆದರೆ ಒಟ್ಟಿಗೆ ಇಡಬೇಕಲ್ವಾ? ಅಡಿಕೆಯೋ ಆಲೂಗೆಡ್ಡೆಯೋ ಬೆಳೆದು ಬದುಕುವ ಮನೆಯಲ್ಲಿ ಆರು ಲಕ್ಷ ಒಟ್ಟಿಗೆ ಎಲ್ಲಿಂದ ಬರುತ್ತದೆ? ನಮ್ಮಲ್ಲಿ ಒಡವೆ ಅಡವಿಟ್ಟರು. ಬ್ಯಾಂಕಿಗೆ ಹೋದಾಗ, ಪೂರ್ತಿ ಪದವಿ ಅಲ್ಲವಲ್ಲ, ಒಂದು ಸೆಮಿಸ್ಟರಿಗೆ ಶಿಕ್ಷಣ ಸಾಲ ಹೇಗೆ ಕೊಡುವುದು ಎಂದರು. ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಕೂಡ ಪೂರ್ತಿ ಮಾಸ್ಟರ್ಸ್, ಪಿಎಚ್‌ಡಿ ಮಾಡುವವರಿಗೆ. ಹೀಗಾಗಿ ಒಡಂಬಡಿಕೆ ಎಲ್ಲರ ಹೆಸರಲ್ಲಿ ಆಗುತ್ತದೆ, ಹೋಗುವುದು ಮನೆಯಲ್ಲಿ ದುಡ್ಡಿರುವವರು ಮಾತ್ರ.

ಈಗ ನನ್ನ ಮುಖ್ಯ ತಕರಾರಿಗೆ ಬರುತ್ತೇನೆ. ಹೊರಡುವ ಮುಂಚೆ ನಾನು ವಿಭಾಗದಲ್ಲಿ ಕೇಳಿದ್ದೆ. ಅಲ್ಲಿ ಯಾವ ಕೋರ್ಸ್ ತೆಗೆದುಕೊಂಡರೆ ಇಲ್ಲಿ ಯಾವ ಪೇಪರಿಗೆ ಲೆಕ್ಕ ಆಗುತ್ತದೆ, ಬರೆದು ಕೊಡಿ ಎಂದೆ. 'ಹೋಗಿ ಬಾರಮ್ಮ, ಅದೆಲ್ಲ ಬಂದ ಮೇಲೆ ನೋಡೋಣ' ಅಂದರು. ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು, ಅನುಮಾನ ಇಲ್ಲ. ಬಂದ ಮೇಲೆ ನೋಡಿದರು. ಕೋರ್ಸಿನ ಹೆಸರು ನಮ್ಮ ಸಿಲೆಬಸ್ ಜತೆ ಹೊಂದುವುದಿಲ್ಲ ಎಂದು ಒಂದು ಪೇಪರ್ ಹೋಯಿತು. ಲ್ಯಾಬ್ ಅಂಕ ಬೇರೆಯಾಗಿ ತೋರಿಸಿಲ್ಲ ಎಂದು ಇನ್ನೊಂದು ಹೋಯಿತು. ಜರ್ಮನಿಯಲ್ಲಿ 1.0 ಅತ್ಯುತ್ತಮ, 4.0 ಪಾಸಿನ ಕೊನೆ, 5.0 ಅಂದರೆ ಫೇಲ್. ನನ್ನ ಟ್ರಾನ್‌ಸ್ಕ್ರಿಪ್ಟಿನಲ್ಲಿ ಇದ್ದ 1.7 ಅನ್ನು ಪರೀಕ್ಷಾ ವಿಭಾಗದಲ್ಲಿ ಹತ್ತಕ್ಕೆ 1.7 ಎಂದು ಓದಿದರು. ವಿವರಣೆಯ ಹಾಳೆ ಅದರ ಜತೆಯಲ್ಲೇ ಇತ್ತು. ಫೈಲ್ ವಿಭಾಗದಿಂದ ಸಿಲೆಬಸ್ ನಿರ್ಧರಿಸುವ ಅಧ್ಯಯನ ಮಂಡಳಿಗೆ, ಅಲ್ಲಿಂದ ಕುಲಸಚಿವರ ಕಚೇರಿಗೆ, ಮತ್ತೆ ವಿಭಾಗಕ್ಕೆ ಬಂತು. ಕೊನೆಗೆ ಮೂರನೇ ಸೆಮಿಸ್ಟರಿನ ಪೇಪರುಗಳನ್ನು ಜೂನಿಯರ್‌ಗಳ ಜತೆ ಕೂತು ಮತ್ತೆ ಬರೆದೆ. ಒಂದು ವರ್ಷ ಹೋಯಿತು. ಪಾಸಾಗಿ ಬಂದ ವಿಷಯವನ್ನೇ ಮತ್ತೆ ಬರೆಯುವಾಗ ಆಗುವ ನೋವನ್ನು ಇಲ್ಲಿ ಹೇಗೆ ಹೇಳಲಿ? ಅಪ್ಪ ಏನೂ ಅನ್ನಲಿಲ್ಲ, ಆದರೆ ಅಡವಿಟ್ಟ ಒಡವೆಯ ಬಡ್ಡಿ ಆ ವರ್ಷವೂ ಕಟ್ಟಿದರು.

ಇದಕ್ಕೆ ಕ್ಯಾಲೆಂಡರ್ ಕೂಡ ಕಾರಣ. ಅಲ್ಲಿನ ಚಳಿಗಾಲದ ಸೆಮಿಸ್ಟರ್ ಅಕ್ಟೋಬರ್ 1ರಿಂದ ಮಾರ್ಚ್ 31ರವರೆಗೆ. ತರಗತಿ ಅಕ್ಟೋಬರ್ ನಡುವಿನಲ್ಲಿ ಶುರುವಾಗಿ ಫೆಬ್ರುವರಿಯಲ್ಲಿ ಮುಗಿಯುತ್ತದೆ, ಆಮೇಲೆ ಪರೀಕ್ಷೆ. ಬೇಸಿಗೆಯದು ಏಪ್ರಿಲ್ 1ರಿಂದ ಸೆಪ್ಟೆಂಬರ್ 30. ನಮ್ಮ ಸೆಮಿಸ್ಟರುಗಳಿಗೆ ಎರಡೂ ಹೊಂದುವುದಿಲ್ಲ. ಅಲ್ಲಿನ ಒಂದು ಸೆಮಿಸ್ಟರಿಗೆ ಹೋದವರು ಇಲ್ಲಿನ ಎರಡು ಸೆಮಿಸ್ಟರಿನ ಹಾಜರಾತಿಯಲ್ಲಿ ಸಿಕ್ಕಿಕೊಳ್ಳುತ್ತಾರೆ. ನಾನು ವಾಪಸ್ ಬರುವಷ್ಟರಲ್ಲಿ ನಾಲ್ಕನೇ ಸೆಮಿಸ್ಟರಿನ ಪ್ರಾಜೆಕ್ಟಿಗೆ ಗೈಡ್ ಹಂಚಿಕೆಯೇ ಮುಗಿದಿತ್ತು. ಇದು ಒಡಂಬಡಿಕೆಗೆ ಸಹಿ ಹಾಕುವ ದಿನವೇ ಗೊತ್ತಿರುವ ವಿಷಯ ಅಲ್ವಾ?

ಪರಿಹಾರ ಹೊಸದಾಗಿ ಹುಡುಕಬೇಕಾಗಿಲ್ಲ, ಯುರೋಪಿನವರು ಎಷ್ಟೋ ವರ್ಷದಿಂದ ಮಾಡುತ್ತಿದ್ದಾರೆ. ಯುರೋಪಿನ ದೇಶಗಳ ನಡುವೆ ವಿದ್ಯಾರ್ಥಿಗಳನ್ನು ಓದಲು ಕಳಿಸುವ ಎರಾಸ್ಮಸ್ ಯೋಜನೆ 1987ರಲ್ಲಿ ಶುರುವಾದದ್ದು. ಅದರಲ್ಲಿ ಹೋಗುವ ವಿದ್ಯಾರ್ಥಿ ಹೊರಡುವ ಮುಂಚೆಯೇ 'ಲರ್ನಿಂಗ್ ಅಗ್ರಿಮೆಂಟ್' ಆಗಬೇಕು. ಅಲ್ಲಿ ಓದುವ ಕೋರ್ಸುಗಳು ಒಂದು ಕಡೆ, ಅದರ ಬದಲಿಗೆ ತಮ್ಮ ವಿಶ್ವವಿದ್ಯಾಲಯದಲ್ಲಿ ಬಿಟ್ಟುಕೊಡುವ ಪೇಪರುಗಳು ಇನ್ನೊಂದು ಕಡೆ. ವಿದ್ಯಾರ್ಥಿ, ಕಳಿಸುವ ವಿಶ್ವವಿದ್ಯಾಲಯ, ಕರೆಸಿಕೊಳ್ಳುವ ವಿಶ್ವವಿದ್ಯಾಲಯ, ಮೂವರೂ ಸಹಿ ಹಾಕುತ್ತಾರೆ. ಹೋದ ಮೇಲೆ ಕೋರ್ಸ್ ಬದಲಾದರೆ ಅದನ್ನೂ ತಿದ್ದಿ ಮತ್ತೆ ಸಹಿ. ನನ್ನ ಜತೆ ಯೂಬುಂಗ್‌ನಲ್ಲಿ ಕೂರುತ್ತಿದ್ದ ಸ್ಪೇನಿನ ಹುಡುಗಿಯ ಹತ್ತಿರ ಈ ಕಾಗದ ಇತ್ತು, ಊರಿಗೆ ಹೋದ ಮೇಲೆ ಏನಾಗುತ್ತೋ ಎನ್ನುವ ಯೋಚನೆಯೇ ಅವಳಿಗಿರಲಿಲ್ಲ. ಅದೇ ಯೋಜನೆಯ ಈಗಿನ ರೂಪವಾದ ಎರಾಸ್ಮಸ್ ಪ್ಲಸ್‌ನಲ್ಲಿ ಭಾರತದಿಂದ ಹೋಗುವವರಿಗೂ ತಿಂಗಳ ಖರ್ಚಿಗೆ ಹಣ ಸಿಗುವ ದಾರಿ ಇದೆ, ಆದರೆ ಎರಡೂ ವಿಶ್ವವಿದ್ಯಾಲಯಗಳು ಸೇರಿ ಒಪ್ಪಂದ ಮಾಡಿಕೊಂಡು, ಅಲ್ಲಿನವರು ಅದಕ್ಕೆ ಅರ್ಜಿ ಹಾಕಿರಬೇಕು. ಇಲ್ಲಿಂದ ಯಾರಾದರೂ ಅವರನ್ನು ಬೆನ್ನುಹತ್ತಿ ಕೇಳಬೇಕು.

ಲೆಕ್ಕವೂ ಕಷ್ಟದ್ದಲ್ಲ. ಯುರೋಪಿನಲ್ಲಿ ಒಂದು ಸೆಮಿಸ್ಟರಿಗೆ 30 ಕ್ರೆಡಿಟ್, ಎರಡು ವರ್ಷದ ಎಂಎಸ್ಸಿಗೆ 120. ನಮ್ಮ ಎಂಎಸ್ಸಿಯ ಒಟ್ಟು ಕ್ರೆಡಿಟ್ ಎಷ್ಟಿದೆಯೋ ಅದನ್ನು 120ರ ಪಕ್ಕ ಇಟ್ಟರೆ ಪ್ರಮಾಣ ಸಿಕ್ಕಿತು. ಹೊರದೇಶದ ಅಂಕವನ್ನು ಜರ್ಮನ್ ಅಂಕಕ್ಕೆ ಬದಲಿಸಲು ಜರ್ಮನಿಯವರೇ ಬಳಸುವ ಬವೇರಿಯನ್ ಸೂತ್ರ ಇದೆ. ಹತ್ತು ಗರಿಷ್ಠ, ನಾಲ್ಕು ಪಾಸು ಎಂದು ಇಟ್ಟುಕೊಂಡು ಅದನ್ನು ತಿರುಗಿಸಿ ಹಾಕಿದರೆ ನನ್ನ 1.7 ಇಲ್ಲಿನ 8.6 ಆಗುತ್ತದೆ. ನಿಯಮ ಇಲ್ಲ ಎನ್ನುವ ಹಾಗೂ ಇಲ್ಲ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರ ನಿಯಮಗಳ ಪ್ರಕಾರ, ಓದಿನ ಒಂದು ಭಾಗ ಇಲ್ಲಿ, ಒಂದು ಭಾಗ ವಿದೇಶದಲ್ಲಿ ನಡೆಯುವ ಟ್ವಿನ್ನಿಂಗ್ ಕೋರ್ಸಿನಲ್ಲಿ ಒಟ್ಟು ಕ್ರೆಡಿಟ್‌ನ ಶೇ 30ರವರೆಗೆ ವಿದೇಶಿ ವಿಶ್ವವಿದ್ಯಾಲಯದಲ್ಲಿ ಗಳಿಸಬಹುದು. ಅದಕ್ಕೆ ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್‌ನ ಅಂಕ, ರ‍್ಯಾಂಕಿಂಗ್ ಅಂತ ಅರ್ಹತೆಗಳಿವೆ, ಎಲ್ಲ ಕಾಲೇಜುಗಳಿಗೆ ಸಿಗುವುದಿಲ್ಲ. ಆದರೂ ವಿದೇಶದ ಕ್ರೆಡಿಟ್ ಅನ್ನು ಇಲ್ಲಿನ ಪದವಿಗೆ ಸೇರಿಸಿಕೊಳ್ಳಬಹುದು ಎಂಬ ತತ್ವವನ್ನು ಯುಜಿಸಿಯೇ ಒಪ್ಪಿದೆ. ನಮ್ಮ ಅಧ್ಯಯನ ಮಂಡಳಿಗಳು ಹೆಸರು ಹೊಂದುತ್ತದೆಯೇ ಎಂದು ನೋಡುವುದನ್ನು ಬಿಟ್ಟು, ಮಗು ಅಲ್ಲಿ ಕಲಿತದ್ದು ಏನು ಎಂದು ನೋಡಿದರೆ ಅರ್ಧದಷ್ಟು ಫೈಲುಗಳು ಒಂದೇ ಸಭೆಯಲ್ಲಿ ಮುಗಿಯುತ್ತವೆ.

2023-24ರ ಚಳಿಗಾಲದ ಸೆಮಿಸ್ಟರಿನಲ್ಲಿ ಜರ್ಮನಿಯಲ್ಲಿ ಓದುತ್ತಿದ್ದ ಭಾರತೀಯರು 49 ಸಾವಿರಕ್ಕೂ ಜಾಸ್ತಿ, ವಿದೇಶಿ ವಿದ್ಯಾರ್ಥಿಗಳಲ್ಲಿ ನಮ್ಮವರೇ ಮೊದಲು. ಇವರಲ್ಲಿ ಜಾಸ್ತಿ ಜನ ಪೂರ್ತಿ ಪದವಿಗೆ ಹೋದವರು. ಒಂದು ಸೆಮಿಸ್ಟರ್ ಹೋಗಿ, ನೋಡಿ, ಕಲಿತು, ಮತ್ತೆ ತಮ್ಮ ಕಾಲೇಜಿಗೇ ಬಂದು ಪದವಿ ಮುಗಿಸುವ ದಾರಿ ಸರಿಯಾಗಿದ್ದರೆ ಸರ್ಕಾರಿ ಕಾಲೇಜಿನ ಎಷ್ಟೋ ಮಕ್ಕಳಿಗೆ ಅದೇ ಸಾಕು, ಅವರು ಕಲಿತದ್ದು ಇಲ್ಲಿನ ತರಗತಿಗೂ ಬರುತ್ತದೆ.

ಸಂಪಾದಕರಲ್ಲಿ ಒಂದು ಕೋರಿಕೆ. ಮುಂದಿನ ಸಲ ಇಂಥ ಒಡಂಬಡಿಕೆಯ ಸುದ್ದಿ ಬಂದಾಗ ನಿಮ್ಮ ವರದಿಗಾರರು ಮೂರು ವಿಷಯ ಕೇಳಲಿ: ಹಿಂದಿನ ಒಡಂಬಡಿಕೆಗಳಲ್ಲಿ ಎಷ್ಟು ಮಕ್ಕಳು ಹೋದರು, ಅವರ ಕ್ರೆಡಿಟ್ ಮಾರ್ಕ್ಸ್ ಕಾರ್ಡಿಗೆ ಬಂತೇ, ಹಣ ಇಲ್ಲದವರನ್ನು ಕಳಿಸಲು ಏನು ಏರ್ಪಾಡು ಮಾಡಿದ್ದಾರೆ. ಉತ್ತರವನ್ನು ಫೋಟೊದ ಕೆಳಗೇ ಹಾಕಿ. ಈಗ ಹೊರಟಿರುವ ಮಕ್ಕಳಿಗೂ ಒಂದು ಮಾತು: ಯಾವ ಕೋರ್ಸಿಗೆ ಯಾವ ಪೇಪರ್ ಎಂಬುದು ಸಹಿಯಾಗಿ ಕೈಗೆ ಬರುವವರೆಗೆ ಟಿಕೆಟ್ ಬುಕ್ ಮಾಡಬೇಡಿ.

— ಭೌತವಿಜ್ಞಾನದ ಹಳೆಯ ವಿದ್ಯಾರ್ಥಿನಿ, ಹಾಸನ ಜಿಲ್ಲೆ