ಕರಡಿ ರಕ್ಷಣಾ ಕಿಟ್‌ನಲ್ಲಿ ಹಕ್ಕಿ ಹೊಡೆಯುವ ತೋಟಾ: ಬಾಡಿಗೆ ಸಂಸ್ಥೆಗೊಂದು ದೂರು

ಇವರಿಗೆ,
ವ್ಯವಸ್ಥಾಪಕರು,
ಕ್ಯಾಂಪಿಂಗ್ ಸಲಕರಣೆ ಬಾಡಿಗೆ ವಿಭಾಗ,
ಆಂಕರೇಜ್, ಅಲಾಸ್ಕಾ

ವಿಷಯ: ಬಾಡಿಗೆಗೆ ಕೊಟ್ಟ 12 ಬೋರ್ ಕೋವಿಗೆ ಹೊಂದದ ತೋಟಾಗಳು ಮತ್ತು ಅಪಾಯಕಾರಿ ಕೈಪಿಡಿಯ ಬಗ್ಗೆ

ಮಾನ್ಯರೇ,

ಕೀನಾಯ್ ಪರ್ಯಾಯ ದ್ವೀಪದ ಚುಗಾಚ್ ರಾಷ್ಟ್ರೀಯ ಅರಣ್ಯದಲ್ಲಿ ಟೆಂಟ್ ಹಾಕಲು ಹೊರಟ ನಮ್ಮ ತಂಡ ನಿಮ್ಮಿಂದ 'ಕರಡಿ ರಕ್ಷಣಾ ಕಿಟ್' ಬಾಡಿಗೆಗೆ ಪಡೆದಿತ್ತು. ಕೈಪಿಡಿಯನ್ನು ನೀವು ಕನ್ನಡದಲ್ಲೇ ಕೊಟ್ಟಿದ್ದೀರಿ, ಹಾಗಾಗಿ ದೂರನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇವೆ. ತೋಟಾಗಳನ್ನು ಬಳಸದೆ ಪೊಟ್ಟಣ ಸಮೇತ ಹಿಂದಿರುಗಿಸಿದ್ದೇವೆ. ಅವನ್ನು ಬಳಸುವಂತೆಯೇ ಇರಲಿಲ್ಲ ಎಂಬುದೇ ನಮ್ಮ ತಕರಾರು.

ಕಿಟ್‌ನಲ್ಲಿ ಇದ್ದದ್ದು ಒಂದು ಹಳೆಯ ಪಂಪ್ ಕೋವಿ (ಪ್ರತಿ ಈಡಿನ ನಂತರ ಹಿಡಿಯನ್ನು ಹಿಂದೆ ಮುಂದೆ ಎಳೆಯಬೇಕಾದದ್ದು) ಮತ್ತು ಮೂರು ಬಗೆಯ ತೋಟಾ: 8ನೇ ನಂಬರಿನ ಸಣ್ಣ ಚರೆ, ಡಬಲ್ ಆಟ್ ಬಕ್‌ಶಾಟ್ ಎಂಬ ದಪ್ಪ ಚರೆ, ಮೂರು ಇಂಚಿನ ಸ್ಯಾಬೊ ಸ್ಲಗ್ (ಸ್ಲಗ್ ಎಂದರೆ ಚರೆಯ ಬದಲು ಒಂದೇ ದೊಡ್ಡ ಗುಂಡು). ಕೋವಿಯ ನಳಿಗೆಯ ಮೇಲೆ 2¾ ಇಂಚು (ತೋಟಾ ಕೂರುವ ಚೇಂಬರ್‌ನ ಅಳತೆ) ಎಂದೂ ಫುಲ್ ಚೋಕ್ (ನಳಿಗೆಯ ಬಾಯಿ ತುಂಬಾ ಬಿಗಿ) ಎಂದೂ ಕೆತ್ತಿದೆ. ಒಳಗೆ ನುಣುಪು, ರೈಫ್ಲಿಂಗ್ ಗೆರೆಗಳಿಲ್ಲ. ಇಷ್ಟನ್ನು ಓದಿ ನೋಡಿದವರು ಯಾರೂ ಆ ಸ್ಲಗ್‌ಗಳನ್ನು ಈ ಕೋವಿಯ ಜೊತೆ ಒಂದೇ ಚೀಲಕ್ಕೆ ಹಾಕುವುದಿಲ್ಲ.

ಸ್ಯಾಬೊ ಸ್ಲಗ್ ಎಂದರೆ ಪ್ಲಾಸ್ಟಿಕ್ ಕವಚದೊಳಗೆ ಕೂತ, ಬೋರ್‌ಗಿಂತ, ಅಂದರೆ ನಳಿಗೆಯ ಒಳ ಅಳತೆಗಿಂತ, ಸಣ್ಣ ಗುಂಡು. ಗೆರೆ ಕೊರೆದ ನಳಿಗೆಯಲ್ಲಿ ಆ ಕವಚ ಗೆರೆಗಳನ್ನು ಹಿಡಿದುಕೊಂಡು ಗುಂಡಿಗೆ ತಿರುಗುವಿಕೆ ಕೊಡುತ್ತದೆ. ನುಣುಪು ನಳಿಗೆಯಲ್ಲಿ ಹಿಡಿಯಲು ಏನೂ ಇಲ್ಲ, ಗುಂಡು ತಿರುಗದೆ ಹೊರಟು ಹೊರಳಾಡುತ್ತದೆ, ಗುರಿಯೂ ತಪ್ಪುತ್ತದೆ, ಒಳನುಗ್ಗುವ ಶಕ್ತಿಯೂ ಹೋಗುತ್ತದೆ. ಉದ್ದದ ಸಮಸ್ಯೆ ಇನ್ನೂ ಕೆಟ್ಟದ್ದು. ತೋಟಾದ ಮೇಲೆ ಬರೆದಿರುವ ಉದ್ದ, ಹಾರಿದ ಮೇಲೆ ಬಾಯಿ ಬಿಚ್ಚಿಕೊಂಡ ಕೊಳವೆಯ ಉದ್ದ. ಹಾರದ ಮೂರು ಇಂಚಿನ ತೋಟಾ ಬಾಯಿ ಮಡಚಿಕೊಂಡು ಗಿಡ್ಡವಾಗಿರುವುದರಿಂದ 2¾ ಇಂಚಿನ ಚೇಂಬರ್‌ನಲ್ಲಿ ಸಲೀಸಾಗಿ ಕೂರುತ್ತದೆ, ಬೋಲ್ಟೂ ಮುಚ್ಚಿಕೊಳ್ಳುತ್ತದೆ. ಹಾರಿಸಿದಾಗ ಮಾತ್ರ ಬಾಯಿ ಪೂರ್ತಿ ಬಿಚ್ಚಲು ಜಾಗವಿಲ್ಲದೆ ಒಳಗಿನ ಒತ್ತಡ ಏರುತ್ತದೆ. ಒಳಗೆ ಕೂತಿತು ಎಂದರೆ ಹೊಂದಿತು ಎಂದಲ್ಲ. ಇದು ಕೋವಿ ಬಾಡಿಗೆ ಕೊಡುವವರಿಗೆ ಗೊತ್ತಿರಲೇಬೇಕಾದ ಮೊದಲ ಪಾಠ.

ಇನ್ನು ಚರೆ. 8ನೇ ನಂಬರಿನ ಒಂದು ಚರೆಯ ವ್ಯಾಸ 0.09 ಇಂಚು, ಒಂದು ಔನ್ಸಿಗೆ ಸುಮಾರು 410 ಬರುತ್ತವೆ. ಗುರಿ ಅಭ್ಯಾಸದ ಕ್ಲೇ ತಟ್ಟೆಗೆ, ಕೌಜುಗಕ್ಕೆ ಸಾಕು. ಕಂದು ಕರಡಿಯ ರೋಮ, ಚರ್ಮ, ಕೊಬ್ಬು ದಾಟಿ ಅದು ಹೋಗುವುದಿಲ್ಲ, ಕರಡಿಗೆ ಉರಿ ಎಬ್ಬಿಸುತ್ತದೆ ಅಷ್ಟೇ. ಬಕ್‌ಶಾಟ್ ನಮ್ಮ ಊರಿನ ಎಸ್‌ಜಿ ತೋಟಾದ ಚರೆಗೆ ಸರಿಸುಮಾರು ಸಮ: 0.33 ಇಂಚಿನ ಒಂಬತ್ತು ಉಂಡೆ, ಒಂದೊಂದು ಮೂರೂವರೆ ಗ್ರಾಂ. ಒಂಬತ್ತೂ ಒಟ್ಟಿಗೆ ತಾಗಿದರೂ ಒಂದೊಂದೂ ತನ್ನ ತೂಕದಷ್ಟೇ ಒಳಗಿಳಿಯುತ್ತದೆ. ಮೆತ್ತನೆಯ ದುಂಡು ಸೀಸ ದಪ್ಪ ಸ್ನಾಯುವಿನಲ್ಲಿ, ಭುಜದ ಮೂಳೆಯಲ್ಲಿ ಬೇಗ ನಿಂತುಬಿಡುತ್ತದೆ. ನಮ್ಮ ಕರ್ನಾಟಕದ ದರೋಜಿಯ ಸಣ್ಣ ಕರಡಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಕೈಪಿಡಿ ಬರೆದಂತಿದೆ. ಇಲ್ಲಿನ ಕಂದು ಕರಡಿಯ ದೊಡ್ಡ ಗಂಡು 400 ಕೆಜಿ ದಾಟುತ್ತದೆ.

ಈ ಕೋವಿಗೆ ಬೇಕಿದ್ದದ್ದು ನುಣುಪು ನಳಿಗೆಗೆಂದೇ ಮಾಡಿದ, 2¾ ಇಂಚಿನ, ಗಟ್ಟಿ ಸೀಸದ ಸ್ಲಗ್. ಅಂಗಡಿಗಳಲ್ಲಿ ಸುಲಭವಾಗಿ ಸಿಗುವ ಫಾಸ್ಟರ್ ಮಾದರಿಯದು ಹಿಂಬದಿ ಟೊಳ್ಳಾದ ಮೆತ್ತನೆ ಸೀಸ. ಜಿಂಕೆಗೆ ಒಳ್ಳೆಯದೇ, ಆದರೆ ದಪ್ಪ ಮೂಳೆಗೆ ಬಡಿದರೆ ಚಪ್ಪಟೆಯಾಗುತ್ತದೆ. 1898ರಲ್ಲಿ ಜರ್ಮನಿಯ ವಿಲ್ಹೆಲ್ಮ್ ಬ್ರೆನೆಕೆ ರೂಪಿಸಿದ ಮಾದರಿಯಲ್ಲಿ ಗಟ್ಟಿ ಗುಂಡಿನ ಹಿಂಬದಿಗೆ ವಾಡ್ (ಮದ್ದಿಗೂ ಗುಂಡಿಗೂ ನಡುವಿನ ಬಿಲ್ಲೆ) ಅಂಟಿಕೊಂಡೇ ಹೋಗುತ್ತದೆ. ಹಾರುವಾಗ ತಲೆ ಮುಂದಿರುತ್ತದೆ, ಆಕಾರ ಕೆಡದೆ ಆಳಕ್ಕೆ ಇಳಿಯುತ್ತದೆ. ಇದೇ ಮಾದರಿಯ ಮೂರು ಇಂಚಿನ ಮ್ಯಾಗ್ನಂನಲ್ಲಿ 602 ಗ್ರೇನ್, ಅಂದರೆ 39 ಗ್ರಾಂ ಗುಂಡು ಬರುತ್ತದೆ, ಆದರೆ ಅದು ಮೂರು ಇಂಚಿನ ಚೇಂಬರ್ ಇರುವ ಕೋವಿಗೆ ಮಾತ್ರ. ಭುಜಕ್ಕೆ ಒದೆಯೂ ಜೋರು, ಅಭ್ಯಾಸವಿಲ್ಲದವರ ಎರಡನೇ ಈಡು ಎಲ್ಲಿಗೋ ಹೋಗುತ್ತದೆ. ಚೋಕ್ ಸಿಲಿಂಡರ್ (ಬಿಗಿಯೇ ಇಲ್ಲದ್ದು) ಅಥವಾ ಇಂಪ್ರೂವ್ಡ್ ಸಿಲಿಂಡರ್ (ಅಲ್ಪ ಬಿಗಿಯದ್ದು) ಇರಬೇಕು. ಬಾಯಿ ಬಿಗಿಯಾದ ಫುಲ್ ಚೋಕ್‌ನಲ್ಲಿ ಸ್ಲಗ್ ಹಾರಿಸಬಾರದು, ಹಾಗಾಗಿ ಸರಿಯಾದ ಸ್ಲಗ್ ಜೊತೆಗೆ ನಳಿಗೆಯನ್ನೂ ಬದಲಿಸಿ ಕೊಡಬೇಕಿತ್ತು.

ಕೈಪಿಡಿಯ ನಾಲ್ಕನೇ ಪುಟಕ್ಕೆ ಬರೋಣ. 'ಮೊದಲು ಸಣ್ಣ ಚರೆ ತುಂಬಿ, ಆಮೇಲೆ ಬಕ್‌ಶಾಟ್, ಕೊನೆಗೆ ಸ್ಲಗ್. ಮೊದಲ ಈಡು ಹೆದರಿಸಲು' ಎಂದಿದೆ. ನಳಿಗೆಯ ಕೆಳಗಿನ ಟ್ಯೂಬ್ ಮ್ಯಾಗಜಿನ್‌ನಲ್ಲಿ ಕೊನೆಗೆ ತುಂಬಿದ್ದೇ ಮೊದಲು ಹೊರಬರುತ್ತದೆ. ನೀವು ಹೇಳಿದಂತೆ ತುಂಬಿದರೆ ಹೆದರಿಸುವ ಈಡಿಗೆ ಸ್ಲಗ್ ಹೋಗಿ, ಕರಡಿ ಮೈಮೇಲೆ ಬಂದಾಗ ಹಕ್ಕಿಯ ಚರೆ ಉಳಿದಿರುತ್ತದೆ! ಕ್ರಮ ಸರಿಪಡಿಸಿದರೂ ಸಲಹೆ ತಪ್ಪೇ. 1983ರಲ್ಲಿ ಅಮೆರಿಕದ ಅರಣ್ಯ ಸೇವೆ ಅಲಾಸ್ಕಾದ ಕರಡಿಗಳಿಗಾಗಿ ಗುಂಡುಗಳನ್ನು ಪರೀಕ್ಷಿಸಿದ್ದು 15 ಗಜ ದೂರದಲ್ಲಿ. ಗಂಟೆಗೆ 35 ಮೈಲಿ ಓಡಬಲ್ಲ ಪ್ರಾಣಿ ಅಷ್ಟು ದೂರವನ್ನು ಒಂದು ಸೆಕೆಂಡಿನೊಳಗೆ ಮುಗಿಸುತ್ತದೆ. ಅಷ್ಟರಲ್ಲಿ ಎರಡನೇ ಈಡಿಗೆ ಪಂಪ್ ಎಳೆಯುವುದೇ ಅನುಮಾನ. ಎಲ್ಲ ತೋಟಾಗಳೂ ಒಂದೇ ಬಗೆಯ ಸ್ಲಗ್ ಆಗಿರಬೇಕು.

ಟ್ಯೂಬ್ ಬಿಚ್ಚಿ ನೋಡಿದಾಗ ಒಳಗೆ ಬೆರಳು ದಪ್ಪದ ಮರದ ಕಡ್ಡಿ ಸಿಕ್ಕಿತು. ಬಾತುಕೋಳಿ ಬೇಟೆಯಲ್ಲಿ ಮೂರೇ ತೋಟಾ ಎಂಬ ನಿಯಮಕ್ಕಾಗಿ ಹಾಕುವ ಪ್ಲಗ್ ಅದು. ಅದನ್ನು ತೆಗೆಯದೆ ಕೊಟ್ಟಿದ್ದೀರಿ, ಕೈಪಿಡಿಯಲ್ಲಿ ಮಾತ್ರ ಐದು ತುಂಬಿ ಎಂದಿದೆ. ಗಾಬರಿಯಲ್ಲಿ ಪಂಪನ್ನು ಪೂರ್ತಿ ಹಿಂದಕ್ಕೆ ಎಳೆಯದಿದ್ದರೆ ಖಾಲಿ ತೋಟಾ ಹೊರಬೀಳದೆ ಸಿಕ್ಕಿಕೊಳ್ಳುತ್ತದೆ ಎಂಬ ಎಚ್ಚರಿಕೆಯಾಗಲಿ, ಅಭ್ಯಾಸಕ್ಕೆ ಡಮ್ಮಿ ತೋಟಾಗಳಾಗಲಿ ಕಿಟ್‌ನಲ್ಲಿಲ್ಲ.

ಸ್ಪ್ರೇ ವಿಷಯದಲ್ಲಂತೂ ನಗಬೇಕೋ ಅಳಬೇಕೋ. ಕೀಚೈನ್‌ಗೆ ನೇತುಹಾಕುವ ಪುಟ್ಟ ಪೆಪ್ಪರ್ ಸ್ಪ್ರೇ ಕೊಟ್ಟು, ಅದನ್ನು ಟೆಂಟಿನ ಸುತ್ತ ಸಿಂಪಡಿಸಿ ಎಂದಿದ್ದೀರಿ. ಒಣಗಿದ ಸ್ಪ್ರೇಯ ವಾಸನೆ ಕರಡಿಯನ್ನು ಓಡಿಸುವುದಿಲ್ಲ, ಕರೆಯುತ್ತದೆ. ಅದು ಪ್ರಾಣಿಯ ಮುಖಕ್ಕೆ ಹೊಡೆಯುವ ವಸ್ತು, ಸೊಳ್ಳೆ ಔಷಧಿಯಲ್ಲ. ಇಪಿಎ (ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ) ನೋಂದಣಿ ಇರುವ, ಕನಿಷ್ಠ 7.9 ಔನ್ಸಿನ, 25 ಅಡಿ ತಲುಪುವ ಕರಡಿ ಸ್ಪ್ರೇ ಕೊಡಬೇಕಿತ್ತು. ಅಲಾಸ್ಕಾದ ಘಟನೆಗಳನ್ನು ಕಲೆಹಾಕಿ 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸ್ಪ್ರೇ ಕಂದು ಕರಡಿಗಳನ್ನು ನೂರಕ್ಕೆ 92 ಸಲ ತಡೆದಿತ್ತು. ಬಂದೂಕುಗಳ ಮೇಲಿನ 2012ರ ಅಧ್ಯಯನದಲ್ಲಿ ಉದ್ದ ನಳಿಗೆಯವು ನೂರಕ್ಕೆ 76 ಸಲ. ಎರಡರ ಘಟನೆಗಳೂ ಒಂದೇ ಬಗೆಯವಲ್ಲ, ನೇರ ಹೋಲಿಕೆ ಸಲ್ಲದು. ಆದರೂ ಮೊದಲು ಕೈಗೆ ಬರಬೇಕಾದದ್ದು ಯಾವುದು ಎಂಬುದು ತಿಳಿಯುತ್ತದೆ.

ಎಲ್ಲಕ್ಕಿಂತ ಗಂಭೀರವಾದದ್ದು: ಕೋವಿ ಕೊಡುವಾಗ ಯಾರ ವೀಸಾ ಯಾವುದೆಂದು ನೀವು ಕೇಳಲಿಲ್ಲ, ಕೋವಿ ಪಡೆಯುವವರ ಅರ್ಹತೆ ನೋಡುವ ಫೆಡರಲ್ ಫಾರ್ಮ್ 4473 ತುಂಬಿಸಲೂ ಇಲ್ಲ. ಎಚ್-1ಬಿ ಕೆಲಸದ ವೀಸಾದಲ್ಲಿರುವವರು, ಬಿ-2 ಪ್ರವಾಸಿ ವೀಸಾದಲ್ಲಿ ಬಂದ ಅಪ್ಪ ಅಮ್ಮಂದಿರು ಅಮೆರಿಕದಲ್ಲಿ ಕೋವಿಯನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವುದಕ್ಕೆ ಫೆಡರಲ್ ಕಾನೂನು ತಡೆ ಹಾಕುತ್ತದೆ. ಊರ್ಜಿತವಿರುವ ಬೇಟೆ ಪರವಾನಗಿಯಂಥ ಕೆಲವೇ ವಿನಾಯಿತಿಗಳಿವೆ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತಡೆಯಿಲ್ಲ. ನಿಮ್ಮ ಗ್ರಾಹಕರಲ್ಲಿ ಹೆಚ್ಚಿನವರು ನಮ್ಮಂಥ ಕನ್ನಡಿಗರೇ ಆಗಿರುವಾಗ ಇದು ಮೊದಲ ಪುಟದಲ್ಲಿರಬೇಕಾದ ಮಾತು. ಕರಡಿಯನ್ನು ಆತ್ಮರಕ್ಷಣೆಗೆ ಕೊಂದರೆ ಉಗುರು ಸಮೇತ ಚರ್ಮವನ್ನೂ ತಲೆಬುರುಡೆಯನ್ನೂ ರಾಜ್ಯಕ್ಕೆ ಒಪ್ಪಿಸಿ, 15 ದಿನದೊಳಗೆ ಲಿಖಿತ ವರದಿ ಕೊಡಬೇಕು. ಊಟದ ಸಾಮಾನನ್ನು ಬೇಕಾಬಿಟ್ಟಿ ಬಿಟ್ಟು ಕರಡಿಯನ್ನು ಕರೆಸಿಕೊಂಡಿದ್ದರೆ ಆತ್ಮರಕ್ಷಣೆ ಎಂಬ ಕಾನೂನಿನ ರಕ್ಷಣೆ ಸಿಗುವುದಿಲ್ಲ. ಇದೂ ಕೈಪಿಡಿಯಲ್ಲಿಲ್ಲ.

ಆದ್ದರಿಂದ ಕಿಟ್‌ನ ಪೂರ್ತಿ ಬಾಡಿಗೆ ಮತ್ತು ತೋಟಾಗಳ ಹಣ ವಾಪಸ್ ಮಾಡಬೇಕು. ಆ ಕೈಪಿಡಿ ಪಡೆದ ಎಲ್ಲ ಗ್ರಾಹಕರಿಗೂ ನಾಲ್ಕನೇ ಪುಟ ತಪ್ಪೆಂದು ಈಗಲೇ ತಿಳಿಸಬೇಕು. ಮೂರು ಇಂಚಿನ ತೋಟಾಗಳನ್ನು ಆ ಕೋವಿಯ ಜೊತೆ ಇನ್ನು ಯಾರಿಗೂ ಕೊಡಕೂಡದು. ಎರಡು ವಾರದೊಳಗೆ ಲಿಖಿತ ಉತ್ತರ ಬರದಿದ್ದರೆ ಕೋವಿಯ ಮೇಲಿನ ಕೆತ್ತನೆಯ, ತೋಟಾ ಪೊಟ್ಟಣದ ಮತ್ತು ಕೈಪಿಡಿಯ ಫೋಟೋಗಳೊಂದಿಗೆ ರಾಜ್ಯದ ಗ್ರಾಹಕ ರಕ್ಷಣಾ ವಿಭಾಗಕ್ಕೆ ದೂರು ಕೊಡುತ್ತೇವೆ. ಫೋಟೋಗಳ ಪ್ರತಿಗಳನ್ನು ಲಗತ್ತಿಸಿದ್ದೇವೆ.

ಇಂತಿ,
ತಂಡದ ಪರವಾಗಿ