ಮತ್ಸ್ಯಾಲಯದ ಪ್ರಯೋಗಾಲಯವೂ ಪ್ರವಾಸಿಗರ ಕಣ್ಣಿಗೆ ಬೀಳಲಿ

ಮಾನ್ಯ ಸಂಪಾದಕರೇ,

ರಜೆ ಹತ್ತಿರ ಬಂತೆಂದರೆ ಪತ್ರಿಕೆಗಳ ಪ್ರವಾಸ ಪುಟಗಳಲ್ಲಿ ದೊಡ್ಡ ದೊಡ್ಡ ಮತ್ಸ್ಯಾಲಯಗಳ ಚಿತ್ರಗಳು ಕಾಣಿಸಿಕೊಳ್ಳುತ್ತವೆ. ಗಾಜಿನ ಸುರಂಗ, ತಲೆಯ ಮೇಲೆ ತೇಲಿಹೋಗುವ ಶಾರ್ಕ್, ಬೆರಗಾಗಿ ನಿಂತ ಮಗು, ಇವಿಷ್ಟರಲ್ಲಿ ಬರಹ ಮುಗಿದುಹೋಗುತ್ತದೆ. ಈ ಸಲದ ರಜೆಯಲ್ಲಿ ಮನೆಯವರೊಂದಿಗೆ ಅಂಥದ್ದೊಂದು ಕೇಂದ್ರಕ್ಕೆ ಹೋಗಿಬಂದ ಮೇಲೆ ಈ ಪತ್ರ ಬರೆಯಲೇಬೇಕೆನಿಸಿತು. ಅದು ಮತ್ಸ್ಯಾಲಯ ಮಾತ್ರವಲ್ಲದೆ, ಗಾಯಗೊಂಡ ಕಡಲಜೀವಿಗಳನ್ನು ತಂದು ಆರೈಕೆ ಮಾಡುವ ಜಾಗವೂ ಸಾಗರ ಸಂಶೋಧನೆ ನಡೆಸುವ ಸಂಸ್ಥೆಯೂ ಆಗಿತ್ತು. ಆದರೆ ಅಂದು ಬಂದಿದ್ದವರಲ್ಲಿ ಬಹುಪಾಲು ಮಂದಿ ಮೀನಿನ ತೊಟ್ಟಿಗಳನ್ನು ಮಾತ್ರ ನೋಡಿ ಹೊರಬಿದ್ದರು. ಅವರನ್ನು ದೂರುವಂತಿಲ್ಲ, ಉಳಿದ ಎರಡೂ ಅಲ್ಲಿವೆ ಎಂಬುದು ಅವರ ಗಮನಕ್ಕೆ ಬರುವಂತೆ ಆ ಕಟ್ಟಡವನ್ನು ಜೋಡಿಸಿರಲಿಲ್ಲ. ಇಂಥ ಕೇಂದ್ರಗಳು ತಮ್ಮ ಸಂಶೋಧನೆಯನ್ನು ಪ್ರವಾಸಿಗರು ನಡೆಯುವ ದಾರಿಗೇ ತಂದು ಇಡಬೇಕು, ಪ್ರವಾಸಿಗರೂ ಅದಕ್ಕೆಂದು ಸಮಯ ಇಟ್ಟುಕೊಂಡು ಹೋಗಬೇಕು ಎಂಬುದು ನನ್ನ ಒತ್ತಾಯ.

ನೋಡಲು ಬರುವವರಿಗೂ ಸಂಶೋಧನೆಗೂ ನಡುವಿನ ನಂಟು ಇವತ್ತಿನದಲ್ಲ. ಜರ್ಮನಿಯ ಪ್ರಾಣಿಶಾಸ್ತ್ರಜ್ಞ ಆಂಟನ್ ಡೋರ್ನ್ ಅವರು 1872ರಲ್ಲಿ ಇಟಲಿಯ ನೇಪಲ್ಸ್ ನಗರದ ಕಡಲಂಚಿನಲ್ಲಿ ಸಾಗರ ಜೀವಶಾಸ್ತ್ರದ ಕೇಂದ್ರವೊಂದನ್ನು ಸ್ಥಾಪಿಸಿದಾಗ, ಅದರ ಖರ್ಚು ತೂಗಿಸಲು ಅವರಿಗೆ ಹೊಳೆದ ಉಪಾಯವೇ ಸಾರ್ವಜನಿಕ ಮತ್ಸ್ಯಾಲಯ. 1874ರಲ್ಲಿ ಅದು ಜನರಿಗೆ ತೆರೆದುಕೊಂಡಿತು. ಟಿಕೆಟಿನ ಹಣವೊಂದೇ ಸಾಲದೆಂದು ಡೋರ್ನ್ ಅವರು ಪ್ರಯೋಗಾಲಯದ ಕೆಲಸದ ಮೇಜುಗಳನ್ನು ಬೇರೆ ಬೇರೆ ದೇಶಗಳ ವಿಶ್ವವಿದ್ಯಾಲಯಗಳಿಗೂ ಸರ್ಕಾರಗಳಿಗೂ ವರ್ಷದ ಬಾಡಿಗೆಗೆ ಕೊಟ್ಟರು. ಹೀಗಾಗಿ ಹಲವು ದೇಶಗಳ ವಿಜ್ಞಾನಿಗಳು ಒಂದೇ ಸೂರಿನಡಿ ಕುಳಿತು ಕೆಲಸ ಮಾಡುವ ಪದ್ಧತಿ ಅಲ್ಲಿ ಬೇರೂರಿತು. ಇದಕ್ಕೆ ತಿರುಗುಮುರುಗಾದ ದಾರಿಯೂ ಇದೆ. ಅಮೆರಿಕದ ಫ್ಲಾರಿಡಾದಲ್ಲಿ ಶಾರ್ಕ್‌ಗಳ ಅಧ್ಯಯನಕ್ಕೆ ಹೆಸರಾದ ಯುಜೀನಿ ಕ್ಲಾರ್ಕ್ ಅವರು 1955ರಲ್ಲಿ ಒಂದು ಚಿಕ್ಕ ಪ್ರಯೋಗಾಲಯ ತೆರೆದರು. ಅದೇ ಮುಂದೆ ಮೋಟ್ ಸಾಗರ ಪ್ರಯೋಗಾಲಯವಾಗಿ ಬೆಳೆಯಿತು. ಮತ್ಸ್ಯಾಲಯ ಅದರ ಜೊತೆಗೆ ಆಮೇಲೆ ಸೇರಿಕೊಂಡಿತು. ಎರಡರಲ್ಲೂ ಟಿಕೆಟ್ ಕೊಂಡು ಒಳಗೆ ಬಂದವರು ಸಂಶೋಧನೆಯ ಪೋಷಕರೇ. ತಾನು ಪೋಷಕನೆಂಬುದು ಆ ವ್ಯಕ್ತಿಗೆ ತಿಳಿಯಬೇಡವೇ?

ನಾವು ಹೋದ ಕೇಂದ್ರದಲ್ಲಿ ಹವಳದ ಪ್ರಯೋಗಾಲಯದ ಕಿಟಕಿ ಇದ್ದದ್ದು ಹೊರಗೆ ಹೋಗುವ ಬಾಗಿಲಿನ ಪಕ್ಕದ ಓಣಿಯಲ್ಲಿ. ಶಾರ್ಕ್‌ಗಳಿಗೆ ಆಹಾರ ಹಾಕುವ ಹೊತ್ತಾಯಿತೆಂದು ಧ್ವನಿವರ್ಧಕದಲ್ಲಿ ಕೂಗಿ ಹೇಳುತ್ತಿದ್ದರಿಂದ ಜನ ಆ ಕಡೆಗೇ ಧಾವಿಸುತ್ತಿದ್ದರು. ಕಿಟಕಿಯ ಒಳಗೆ ಮೊಣಕೈ ಮಟ್ಟದ, ಆಳವಿಲ್ಲದ ತೊಟ್ಟಿಗಳು. ಅವುಗಳಲ್ಲಿ ಸಾಲಾಗಿ ಜೋಡಿಸಿದ ಪಿಂಗಾಣಿಯ ಬಿಲ್ಲೆಗಳು. ಒಂದೊಂದು ಬಿಲ್ಲೆಯ ಮೇಲೂ ಉಗುರಿನಷ್ಟಗಲದ ಕಂದುಬಣ್ಣದ ಒಂದು ತುಣುಕು. ಯುವತಿಯೊಬ್ಬರು ಬಿಲ್ಲೆಗಳನ್ನು ಒಂದೊಂದಾಗಿ ಎತ್ತಿ, ಮೃದುವಾದ ಕುಂಚದಿಂದ ಅಂಚಿನ ಪಾಚಿಯನ್ನು ತೆಗೆದು, ಅಳತೆ ಬರೆದುಕೊಂಡು, ಮತ್ತೆ ಅದೇ ಜಾಗದಲ್ಲಿ ಇಡುತ್ತಿದ್ದರು. ಒಂದು ಇಡೀ ಸಾಲು ಮುಗಿಯುವವರೆಗೆ ನಾವು ಅಲ್ಲೇ ನಿಂತೆವು. ಮೇಲುನೋಟಕ್ಕೆ ಏನೂ ನಡೆಯುತ್ತಿಲ್ಲ ಎನಿಸುವ ಆ ಕೆಲಸ, ವಿಷಯ ತಿಳಿದವರಿಗೆ ಆ ಕಟ್ಟಡದಲ್ಲಿಯೇ ಅತ್ಯಂತ ರೋಚಕವಾದದ್ದು.

ಏಕೆಂದರೆ ಬಂಡೆಯಂತೆ ಬೆಳೆಯುವ ಹವಳಗಳು ವರ್ಷಕ್ಕೆ ಕೆಲವೇ ಮಿಲಿಮೀಟರ್‌ಗಳಷ್ಟು ಹಿಗ್ಗುತ್ತವೆ. ಮೋಟ್ ಪ್ರಯೋಗಾಲಯದಲ್ಲಿದ್ದ ಡೇವಿಡ್ ವಾನ್ ಅವರು ತೊಟ್ಟಿಯೊಳಗಿನ ಒಂದು ಹವಳವನ್ನು ಸರಿಸುವಾಗ ಅದು ಆಕಸ್ಮಿಕವಾಗಿ ಮುರಿದು, ಕೆಲವೇ ಪುಟ್ಟ ಚೂರುಗಳಷ್ಟೇ ತಳಕ್ಕೆ ಅಂಟಿಕೊಂಡು ಉಳಿದವು. ಸತ್ತೇಹೋದವೆಂದು ಅವರು ತಿಳಿದಿದ್ದ ಆ ಚೂರುಗಳು ಕೆಲವು ವಾರಗಳ ಬಳಿಕ ನೋಡಿದರೆ ನಿರೀಕ್ಷೆಗೆ ಮೀರಿ ಹರಡಿಕೊಂಡಿದ್ದವು. ಗಾಯವನ್ನು ಮುಚ್ಚಿಕೊಳ್ಳುವ ಅವಸರದಲ್ಲಿ ಚಿಕ್ಕ ಚೂರುಗಳು ಮಾಮೂಲಿಗಿಂತ ಹತ್ತಾರು ಪಟ್ಟು ವೇಗದಲ್ಲಿ ಬೆಳೆಯುತ್ತವೆ ಎಂಬುದು ಹೀಗೆ ಗೊತ್ತಾಯಿತು. ಅದಕ್ಕಿಂತ ಅಚ್ಚರಿಯ ಸಂಗತಿ ಇನ್ನೊಂದಿದೆ. ಒಂದೇ ಹವಳದಿಂದ ಕತ್ತರಿಸಿದ ಚೂರುಗಳನ್ನು ಅಕ್ಕಪಕ್ಕ ನೆಟ್ಟರೆ, ಬೆಳೆದು ಮುಟ್ಟಿಕೊಂಡಾಗ ಅವು ಒಂದನ್ನೊಂದು ಗುರುತಿಸಿ ಬೆಸೆದುಕೊಳ್ಳುತ್ತವೆ. ಬೇರೆ ಮೂಲದ್ದಾದರೆ ಜಾಗಕ್ಕಾಗಿ ಹೋರಾಡುತ್ತವೆ. ಸತ್ತ ಹವಳದ ದಿಬ್ಬದ ಮೇಲೆ ಇಂಥ ಒಡಹುಟ್ಟು ಚೂರುಗಳನ್ನು ಅಂಟಿಸಿ, ಬಹುಕಾಲ ಹಿಡಿಯುವ ಬೆಳವಣಿಗೆಯನ್ನು ಕೆಲವೇ ವರ್ಷಗಳಿಗೆ ಇಳಿಸುವ ಪ್ರಯತ್ನ ಈಗ ಹಲವು ಕಡೆ ನಡೆಯುತ್ತಿದೆ. 2023ರ ಬೇಸಿಗೆಯಲ್ಲಿ ಫ್ಲಾರಿಡಾದ ಕಡಲು ಹವಳಗಳು ತಾಳಲಾರದಷ್ಟು ಬಿಸಿಯಾದಾಗ, ಸಂಶೋಧಕರು ಸಾವಿರಾರು ಹವಳಗಳನ್ನು ನೀರಿನಿಂದ ಎತ್ತಿ ದಡದ ಮೇಲಿನ ತೊಟ್ಟಿಗಳಿಗೆ ಸಾಗಿಸಬೇಕಾಯಿತು. ಕಡಲಿನ ಜೀವವನ್ನು ಉಳಿಸಲು ಕಡಲಿನಿಂದಲೇ ಹೊರಗೆ ತರಬೇಕಾದ ಪರಿಸ್ಥಿತಿ ಅದು. ಆ ಕಿಟಕಿಯ ಪಕ್ಕದಲ್ಲಿ ಇಷ್ಟನ್ನು ನಾಲ್ಕು ಸಾಲುಗಳಲ್ಲಿ ಬರೆದು ಹಾಕಿದ್ದರೆ ಎಷ್ಟೋ ಮಂದಿ ನಿಲ್ಲುತ್ತಿದ್ದರು. ಇದ್ದದ್ದು ಹವಳದ ಲ್ಯಾಟಿನ್ ಹೆಸರು ಮಾತ್ರ.

ಮತ್ಸ್ಯಾಲಯಗಳೆಂದರೆ ಪ್ರಾಣಿಗಳ ಸೆರೆಮನೆಗಳು, ಅವನ್ನೆಲ್ಲ ಮುಚ್ಚಿಬಿಡಬೇಕು ಎನ್ನುವವರೂ ಇದ್ದಾರೆ. ಅವರ ಕಳಕಳಿಯನ್ನು ನಾನು ಗೌರವಿಸುತ್ತೇನೆ. ತೆರೆದ ಕಡಲಿನಲ್ಲಿ ದಿನಕ್ಕೆ ಹತ್ತಾರು ಮೈಲಿ ಈಜುವ, ಧ್ವನಿಯಿಂದಲೇ ಲೋಕವನ್ನು ಅರಿಯುವ ಡಾಲ್ಫಿನ್ ಮತ್ತು ತಿಮಿಂಗಿಲಗಳನ್ನು ಚಪ್ಪಾಳೆಗಾಗಿ ಕೊಳದಲ್ಲಿ ಕುಣಿಸುವುದು ತಪ್ಪೆಂದೇ ನನ್ನ ಅಭಿಪ್ರಾಯ. ಆದರೆ ಎಲ್ಲ ಕೇಂದ್ರಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಕ್ಯಾಲಿಫೋರ್ನಿಯಾದ ಮಾಂಟೆರೆ ಬೇ ಮತ್ಸ್ಯಾಲಯವನ್ನೇ ನೋಡಿ. ಸಾರ್ಡೀನ್ ಮೀನನ್ನು ಡಬ್ಬಿಗೆ ತುಂಬುತ್ತಿದ್ದ ಹಳೆಯ ಕಾರ್ಖಾನೆಯ ಜಾಗದಲ್ಲಿ 1984ರಲ್ಲಿ ತೆರೆದ ಈ ಸಂಸ್ಥೆ, ತಾಯಿಯಿಂದ ಬೇರ್ಪಟ್ಟು ದಡಕ್ಕೆ ಬಂದು ಬೀಳುವ ಕಡಲ ನೀರುನಾಯಿ ಮರಿಗಳನ್ನು ಸಾಕುತ್ತದೆ. ಕಡಲಿಗೆ ಮರಳಿ ಬಿಡಲಾಗದ ಹೆಣ್ಣು ನೀರುನಾಯಿಗಳೇ ಅಲ್ಲಿ ಸಾಕುತಾಯಂದಿರು. ಮುಳುಗುವುದು, ಬೇಟೆ ಹುಡುಕುವುದು, ಚಿಪ್ಪನ್ನು ಕಲ್ಲಿಗೆ ಬಡಿದು ಒಡೆಯುವುದು ಎಲ್ಲವನ್ನೂ ಮರಿಗಳು ಅವುಗಳಿಂದ ಕಲಿಯುತ್ತವೆ. ಮನುಷ್ಯರ ಮುಖ ಕಂಡರೆ ಊಟ ಸಿಗುತ್ತದೆ ಎಂಬ ರೂಢಿ ಮರಿಗೆ ಬೀಳದಿರಲೆಂದು ಸಿಬ್ಬಂದಿ ಕಪ್ಪು ನಿಲುವಂಗಿ ತೊಟ್ಟು, ಮುಖ ಮುಚ್ಚಿಕೊಂಡು ಅದರ ಬಳಿ ಹೋಗುತ್ತಾರೆ. ಎಲ್ಕ್‌ಹಾರ್ನ್ ಸ್ಲೂ ಎಂಬ ಅಳಿವೆಯಲ್ಲಿ ನೀರುನಾಯಿಗಳ ಸಂಖ್ಯೆ ಏರಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಹೀಗೆ ಬೆಳೆಸಿ ಬಿಟ್ಟ ಪ್ರಾಣಿಗಳದ್ದು ಮತ್ತು ಅವುಗಳ ಸಂತತಿಯದ್ದು ಎಂದು 2019ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ನೀರುನಾಯಿಗಳು ಏಡಿಗಳನ್ನು ತಿಂದು ಹತೋಟಿಯಲ್ಲಿಟ್ಟದ್ದರಿಂದ ಅಲ್ಲಿನ ಕಡಲಹುಲ್ಲು ಕೂಡ ಚೇತರಿಸಿಕೊಂಡಿತು. ಇದೇ ಸಂಸ್ಥೆ 2004ರಲ್ಲಿ ತಂದ ಎಳೆಯ ಬಿಳಿ ಶಾರ್ಕ್ ಒಂದನ್ನು 198 ದಿನ ಇಟ್ಟುಕೊಂಡು ಮತ್ತೆ ಕಡಲಿಗೆ ಬಿಟ್ಟಿತು. ಅಂಥ ಪ್ರದರ್ಶನ ಈಗ ಅಲ್ಲಿ ಇಲ್ಲ. ಯಾವ ಪ್ರಾಣಿ ತೊಟ್ಟಿಯಲ್ಲಿ ಇರಬಹುದು, ಯಾವುದು ಇರಬಾರದು ಎಂಬ ಪ್ರಶ್ನೆಯನ್ನು ಪ್ರತಿ ಕೇಂದ್ರವೂ ತನಗೆ ತಾನೇ ಕೇಳಿಕೊಳ್ಳುತ್ತಲೇ ಇರಬೇಕು.

ನೋಡುಗರೂ ಕೇಳಬೇಕು. ಈ ಮೀನು ಇಲ್ಲಿಯೇ ಹುಟ್ಟಿದ್ದೋ, ಕಡಲಿನಿಂದ ಹಿಡಿದು ತಂದದ್ದೋ ಎಂದು ವಿಚಾರಿಸುವುದರಲ್ಲಿ ಸಂಕೋಚವೇನೂ ಬೇಡ. ಸಿಹಿನೀರಿನ ಅಲಂಕಾರದ ಮೀನುಗಳಲ್ಲಿ ಬಹುತೇಕವನ್ನು ಸಾಕಾಣಿಕೆಯಲ್ಲಿ ಬೆಳೆಸಲಾಗುತ್ತದೆ. ಹವಳದ ದಿಬ್ಬದ ಮೀನುಗಳ ವಿಷಯ ಹಾಗಲ್ಲ, ಬಹುಪಾಲು ಇಂದಿಗೂ ಕಡಲಿನಿಂದಲೇ ಬರುತ್ತವೆ. ಮೊಟ್ಟೆಯೊಡೆದು ಬರುವ ಅವುಗಳ ಮರಿಗಳು ಕಣ್ಣಿಗೆ ಕಾಣದಷ್ಟು ಚಿಕ್ಕ ಜೀವಿಗಳನ್ನೇ ತಿಂದು ಬದುಕಬೇಕು. ಆ ಆಹಾರವನ್ನು ಬೆಳೆಸುವುದೇ ದೊಡ್ಡ ವಿದ್ಯೆ. ಮಕ್ಕಳೆಲ್ಲ ಗುರುತಿಸುವ ನೀಲಿ ಬಣ್ಣದ ಪೆಸಿಫಿಕ್ ಬ್ಲೂ ಟ್ಯಾಂಗ್ ಮೀನನ್ನು ಫ್ಲಾರಿಡಾ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಮೊಟ್ಟೆಯಿಂದ ಬೆಳೆಸಲು ಸಾಧ್ಯವಾದದ್ದು 2016ರಲ್ಲಿ. ಈ ಕೆಲಸ ಮುಂದುವರಿದಷ್ಟೂ ಕಡಲಿನ ಮೇಲಿನ ಭಾರ ಇಳಿಯುತ್ತದೆ. ಪ್ರಶ್ನೆಗೆ ನೇರ ಉತ್ತರ ಕೊಡುವ ಕೇಂದ್ರ ಯಾವುದು, ಜಾರಿಕೊಳ್ಳುವ ಕೇಂದ್ರ ಯಾವುದು ಎಂಬುದು ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ.

ತೊಟ್ಟಿಯ ನೀರಿನ ಬಗ್ಗೆಯೂ ಒಂದು ಮಾತು ಹೇಳಬೇಕು, ಏಕೆಂದರೆ ಅದನ್ನು ಯಾರೂ ಗಮನಿಸುವುದಿಲ್ಲ. ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುವ ನೀರನ್ನು ಅದೇ ಹದದಲ್ಲಿ ಉಳಿಸಬೇಕು. ಮೀನಿನ ಮೈಯಿಂದ ಹೊರಬೀಳುವ ಅಮೋನಿಯಾ ಬಲು ಬೇಗ ವಿಷವಾಗುವುದರಿಂದ ನೀರು ಸೋಸುವ ಶೋಧಕಗಳಲ್ಲಿ ಬೀಡುಬಿಟ್ಟ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್ ಆಗಿ, ಆಮೇಲೆ ಅಷ್ಟು ಅಪಾಯವಿಲ್ಲದ ನೈಟ್ರೇಟ್ ಆಗಿ ಮಾರ್ಪಡಿಸಬೇಕು. ಲೋಳೆಮೀನುಗಳಿಗೆ ಮೂಲೆಗಳಿಲ್ಲದ ದುಂಡು ತೊಟ್ಟಿಯೇ ಆಗಬೇಕು. ಇಲ್ಲವಾದರೆ ಅವು ಮೂಲೆಗೆ ಸಿಕ್ಕಿ ಹರಿದುಹೋಗುತ್ತವೆ. ಪಂಪುಗಳ ಕೋಣೆಗೆ ಒಂದು ಗಾಜಿನ ಗೋಡೆ ಹಾಕಿಸಿ ಇದನ್ನೆಲ್ಲ ತೋರಿಸಿದರೆ ಶಾಲಾ ಮಕ್ಕಳು ಪಠ್ಯದಲ್ಲಿ ಓದಿದ್ದನ್ನು ಕಣ್ಣಾರೆ ಕಾಣುತ್ತಾರೆ.

ನಮ್ಮ ಭೇಟಿಯಲ್ಲಿ ನನಗೆ ಅತಿ ಹೆಚ್ಚು ಹಿಡಿಸಿದ್ದು ಶಾರ್ಕ್‌ನ ಮೊಟ್ಟೆ. ಚರ್ಮದ ಚೀಲದಂತಿದ್ದ ಅದರ ಹಿಂದೆ ಒಂದು ಪುಟ್ಟ ದೀಪ ಇಟ್ಟಿದ್ದರು. ಜೇನಿನ ಬಣ್ಣದ ಆ ಬೆಳಕಿನಲ್ಲಿ ಬೆರಳುದ್ದದ ಮರಿ, ಅದರ ಹೊಟ್ಟೆಗೆ ನಾಳದಿಂದ ಅಂಟಿಕೊಂಡ ಹಳದಿ ಆಹಾರದ ಚೀಲ, ಬಿಡುವಿಲ್ಲದೆ ಬೀಸುತ್ತಿದ್ದ ಬಾಲ ಎಲ್ಲವೂ ಸ್ಪಷ್ಟವಾಗಿ ಕಾಣುತ್ತಿದ್ದವು. ಬಾಲ ಬೀಸಿದಾಗಲೆಲ್ಲ ಚೀಲದ ಸೀಳುಗಳಿಂದ ಹೊಸ ನೀರು ಒಳಗೆ ಬಂದು ಮರಿಗೆ ಆಮ್ಲಜನಕ ಸಿಗುತ್ತದೆ ಎಂದು ಅಲ್ಲಿದ್ದ ಸ್ವಯಂಸೇವಕರು ವಿವರಿಸಿದರು. ಅಷ್ಟರಲ್ಲಿ ಯಾರೋ ಮೊಬೈಲಿನ ಫ್ಲ್ಯಾಶ್ ಹಾಕಿ ಚಿತ್ರ ತೆಗೆದರು, ಇನ್ನೊಬ್ಬರು ಗಾಜನ್ನು ಬೆರಳಿನಿಂದ ಬಡಿದರು. ನೀರಿನಲ್ಲಿ ಶಬ್ದ ಗಾಳಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ವೇಗದಲ್ಲಿ ಸಾಗುತ್ತದೆ. ಮರೆಗೆ ಓಡಿಹೋಗಲು ಜಾಗವಿಲ್ಲದ ಜೀವಿಗೆ ಆ ಬಡಿತ ಹೇಗಿದ್ದೀತು ಎಂದು ಹಿರಿಯರು ಮಕ್ಕಳಿಗೆ ಮೊದಲೇ ತಿಳಿಹೇಳಬೇಕು. ಬಡಿಯಬೇಡಿ ಎಂಬ ಫಲಕ ಹಾಕುವ ಕೇಂದ್ರಗಳು ಏಕೆ ಬಡಿಯಬಾರದು ಎಂಬುದನ್ನೂ ಅದರ ಕೆಳಗೆ ಬರೆಯಲಿ.

ಹೀಗಾಗಿ ಇಂಥ ಕೇಂದ್ರಗಳನ್ನು ನಡೆಸುವವರಲ್ಲಿ ನನ್ನ ಕೋರಿಕೆ ಸ್ಪಷ್ಟವಾಗಿದೆ. ಪ್ರಯೋಗಾಲಯದ ಕಿಟಕಿಯನ್ನು ಪ್ರವೇಶದ್ವಾರದ ಹತ್ತಿರಕ್ಕೆ ತನ್ನಿ. ಆಹಾರ ಹಾಕುವ ಸಮಯವನ್ನು ಕೂಗಿ ಹೇಳುವಂತೆಯೇ ಸಂಶೋಧಕರೊಬ್ಬರು ಹತ್ತು ನಿಮಿಷ ಮಾತಾಡುವ ಸಮಯವನ್ನೂ ಹೇಳಿ. ಟಿಕೆಟಿನ ಹಣದಲ್ಲಿ ಎಷ್ಟು ಪಾಲು ಸಂಶೋಧನೆಗೂ ಆರೈಕೆಗೂ ಹೋಗುತ್ತದೆ, ಕಳೆದ ವರ್ಷ ಎಷ್ಟು ಪ್ರಾಣಿಗಳು ಚಿಕಿತ್ಸೆಗೆ ಬಂದವು, ಎಷ್ಟು ಕಡಲಿಗೆ ಮರಳಿದವು, ಎಷ್ಟು ಸತ್ತವು ಎಂಬುದನ್ನು ಎಲ್ಲರ ಕಣ್ಣಿಗೆ ಬೀಳುವಂತೆ ಬರೆದು ಹಾಕಿ. ಸತ್ತವುಗಳ ಲೆಕ್ಕವನ್ನೂ ಮುಚ್ಚಿಡದ ಸಂಸ್ಥೆಯ ಮೇಲೆ ಜನರಿಗೆ ವಿಶ್ವಾಸ ಹೆಚ್ಚುತ್ತದೆಯೇ ಹೊರತು ಕುಗ್ಗುವುದಿಲ್ಲ. ಪ್ರವಾಸ ಏರ್ಪಡಿಸುವವರು ಇಂಥ ಜಾಗಗಳಿಗೆ ಒಂದೇ ಗಂಟೆ ಕೊಟ್ಟು ಬಸ್ಸಿನ ಹಾರ್ನ್ ಹೊಡೆಯುವುದನ್ನು ಬಿಟ್ಟು ಕನಿಷ್ಠ ಅರ್ಧ ದಿನವನ್ನಾದರೂ ಮೀಸಲಿಡಲಿ.

ತಮ್ಮ ಪತ್ರಿಕೆಯಲ್ಲಿಯೂ ಒಂದು ಅರಿಕೆ. ಮುಂದಿನ ಸಲ ಪ್ರವಾಸ ಪುಟದಲ್ಲಿ ಯಾವುದೇ ಮತ್ಸ್ಯಾಲಯದ ಬಗ್ಗೆ ಬರೆಯುವಾಗ, ತೆರೆದಿರುವ ಸಮಯ ಮತ್ತು ಟಿಕೆಟ್ ದರದ ಜೊತೆಗೆ ಅಲ್ಲಿ ಯಾವ ಸಂಶೋಧನೆ ನಡೆಯುತ್ತಿದೆ, ಸಾರ್ವಜನಿಕರಿಗೆ ಪ್ರಯೋಗಾಲಯ ನೋಡಲು ಅವಕಾಶವಿದೆಯೇ, ಪ್ರಾಣಿಗಳು ಎಲ್ಲಿಂದ ಬಂದವು ಎಂಬ ಮೂರು ವಿವರಗಳನ್ನೂ ವರದಿಗಾರರು ವಿಚಾರಿಸಿ ಪ್ರಕಟಿಸಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ